ಬಟ್ಟೆ ತಂತಿಯ ಮೇಲೆ ಭಾವನ ಹಾಡು

ಮನೆಮನೆಯಲ್ಲೂ ರೇಡಿಯೋ ಇದ್ದ ಕಾಲದ ಮಾತಿದು. ಸಂಜೆ ಹಾಲು ತರಲು ಹೊರಟವನು ಒಂದೊಂದು ಕಿಟಕಿಯಿಂದ ಒಂದೊಂದು ಸಾಲು ಕೇಳಿಸಿಕೊಳ್ಳುತ್ತಾ ನಡೆದರೆ, ಬೀದಿಯ ತುದಿ ಮುಟ್ಟುವ ಹೊತ್ತಿಗೆ ಹಾಡು ಪೂರ್ತಿ ಕೇಳಿದಂತಾಗುತ್ತಿತ್ತು. ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ ನಮ್ಮನ್ನು ಕಂಡು ಅಯ್ಯೋ ಪಾಪ ಅನ್ನುತ್ತವೆ. ಅನ್ನಲಿ ಬಿಡಿ. ಆ ಸಂಜೆಗಳ ಸುಖ ಉಂಡವರಿಗೇ ಗೊತ್ತು.

ಆ ಬೀದಿಗೆಲ್ಲ ಇಂಜಿನಿಯರ್ ಅಂದರೆ ಒಬ್ಬನೇ. ಅವನು ಓದಿ ಇಂಜಿನಿಯರ್ ಆದವನಲ್ಲ. ಬಸ್ ಡಿಪೋದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನು ಇಡುವ ಕೋಣೆಯ ಗುಮಾಸ್ತ. ದಿನವಿಡೀ ಕೊಡೆ, ಒಂಟಿ ಚಪ್ಪಲಿ, ಊಟದ ಡಬ್ಬಿ ಮತ್ತು ಯಾರೂ ಹುಡುಕಿಕೊಂಡು ಬಾರದ ಒಂದು ಹಲ್ಲುಸೆಟ್ಟಿನ ನಡುವೆ ಕೂತಿರುತ್ತಿದ್ದ. ಹಿಂದೊಮ್ಮೆ ವಾಚನಾಲಯದ ಸಭಾಂಗಣದಲ್ಲಿ ಯಾರೋ ದೊಡ್ಡವರ ಭಾಷಣದ ನಡುವೆ ಮೈಕು ಸತ್ತಾಗ ಇವನು ಆಂಪ್ಲಿಫೈಯರ್ ಬೆನ್ನಿಗೆ ಒಂದು ಗುದ್ದು ಕೊಟ್ಟ, ಅದು ಬದುಕಿತು. ಅಂದಿನಿಂದ ಈ ಬಿರುದು. ಹೆಂಡತಿಯೊಬ್ಬಳು ಮಾತ್ರ ಬಿರುದನ್ನು ಒಪ್ಪಿರಲಿಲ್ಲ, ಏಕೆಂದರೆ ಮನೆಯ ಇಸ್ತ್ರಿಪೆಟ್ಟಿಗೆಗೂ ಇವನು ಅದೇ ಚಿಕಿತ್ಸೆ ಮಾಡಿದ್ದ, ಅದು ಬದುಕಿರಲಿಲ್ಲ.

ಹೆಂಡತಿಯ ಅಣ್ಣ ಟೈಲರ್. ಇಂಜಿನಿಯರ್‌ಗೆ ಭಾವ ಆದದ್ದರಿಂದ ಬೀದಿಗೇ ಭಾವ ಆಗಿಬಿಟ್ಟಿದ್ದರು. ಹಗಲು ಹೊಲಿಗೆ, ಸಂಜೆ ಆರ್ಕೆಸ್ಟ್ರಾದಲ್ಲಿ ಹಾಡು. ಅಂಗಡಿಯ ಮೇಲಿನ ಕೋಣೆಯೇ ಅಭ್ಯಾಸದ ಜಾಗ. ವಯಸ್ಸಿನಲ್ಲಿದ್ದಾಗ ರೇಡಿಯೋದಲ್ಲಿ ಹಾಡಬೇಕೆಂದು ಒಂದು ಟೇಪು ತುಂಬಿಸಿ ಸ್ಟೇಷನ್ನಿಗೆ ಕೊಟ್ಟು ಬಂದಿದ್ದರು. 'ಕೇಳಿ ತಿಳಿಸ್ತೀವಿ' ಅಂದಿದ್ದರಂತೆ. ಆಮೇಲೆ ಭಾವನ ಕೂದಲು ಹಣ್ಣಾಯಿತು, ಅವರಿನ್ನೂ ತಿಳಿಸಿರಲಿಲ್ಲ.

ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುವವನು ಟ್ರಂಕು ಮಾಡುವವನು, ಅಡ್ಡಹೆಸರು ಗುಡುಗು. ಹಗಲೆಲ್ಲ ತಗಡು ಬಡಿದವನಿಗೆ ಸಂಜೆ ಡ್ರಮ್ಮೂ ತಗಡಿನಂತೆಯೇ ಕಾಣುತ್ತಿತ್ತು. ಅವನ ಪಕ್ಕ ನಿಂತು ಹಾಡುವ ಭಾವನಿಗೆ ತನ್ನ ದನಿ ತನಗೇ ಕೇಳಿಸುತ್ತಿರಲಿಲ್ಲ. ಕೇಳಿಸದೆ ಕೂಗುತ್ತಿದ್ದರು, ಕೂಗಿದರೆ ಶ್ರುತಿ ತಪ್ಪುತ್ತಿತ್ತು. ಹಿಂದಿನ ಎರಡು ಕಾರ್ಯಕ್ರಮಗಳಲ್ಲಿ ಜನ ನಕ್ಕೂ ಬಿಟ್ಟಿದ್ದರು.

ಆರ್ಕೆಸ್ಟ್ರಾದ ಬೆಳ್ಳಿಹಬ್ಬ ಹತ್ತಿರ ಬಂದಾಗ ಗುಡುಗು ಖಂಡತುಂಡವಾಗಿ ಹೇಳಿದ. "ಬೆಳ್ಳಿಹಬ್ಬದ ದಿನ ಇವನು ಮತ್ತೆ ಶ್ರುತಿ ಬಿಟ್ರೆ, ಮೈಕು ನನ್ನ ಅಳಿಯನಿಗೆ. ಇದೇ ಕಡೆ ಮಾತು."

"ನನ್ನ ದನಿ ನಂಗೇ ಕೇಳ್ಸಲ್ಲ ಕಣೋ, ಶ್ರುತಿ ಎಲ್ಲಿಂದ ಹಿಡೀಲಿ?" ಅಂದರು ಭಾವ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ!"

ಈ ಸುದ್ದಿ ಹೆಂಡತಿಯ ಕಿವಿಗೆ ಬಿತ್ತು. ಆ ರಾತ್ರಿ ಆಕೆ ಅನ್ನ ಬಡಿಸುತ್ತಾ, "ರೀ, ನಮ್ಮಣ್ಣನ ಕೈಯಿಂದ ಮೈಕು ಕಿತ್ಕೊಂಡ್ರೆ ಅವನು ಬದುಕಲ್ಲ. ನೀವು ಇಂಜಿನಿಯರ್ ಅಲ್ವಾ? ಏನಾದ್ರೂ ಮಾಡಿ" ಅಂದಳು.

ಮದುವೆಯಾದ ಮೇಲೆ ಮೊದಲ ಸಲ ಹೆಂಡತಿಯ ಬಾಯಲ್ಲಿ ಬಿರುದು ಬಂದಿತ್ತು. ಎದೆ ಉಬ್ಬಿದ ಗಂಡಸು ಏನು ಬೇಕಾದರೂ ಒಪ್ಪಿಕೊಳ್ಳುತ್ತಾನೆ. "ದೊಡ್ಡ ದೊಡ್ಡ ಗಾಯಕರು ಕಿವಿಯೊಳಗೇ ಸ್ಪೀಕರ್ ಇಟ್ಕೊಂಡು ಹಾಡ್ತಾರೆ. ಟೀವಿಯಲ್ಲಿ ನೋಡಿಲ್ವಾ?" ಅಂದ.

"ಅದು ಕಿವಿನೋವಿಗೆ ಇಟ್ಕೊಂಡಿರೋ ಹತ್ತಿ ಅಂದ್ಕೊಂಡಿದ್ದೆ."

"ಹತ್ತಿಯಲ್ಲ ಕಣೇ. ಅವರ ದನಿ ಅವರ ಕಿವಿಗೇ ಬರುತ್ತೆ. ಆ ಸೆಟ್ಟು ಕೊಳ್ಳೋಕೆ ಮನೆ ಮಾರ್ಬೇಕು. ನಾನು ಪುಕ್ಕಟೆಯಲ್ಲಿ ಮಾಡ್ತೀನಿ ನೋಡು."

ಪುಕ್ಕಟೆ ಅಂದದ್ದು ಬರೀ ಬಡಾಯಿಯಲ್ಲ. ವರ್ಷ ಕಳೆದರೂ ಯಾರೂ ಕೇಳದ ಸಾಮಾನನ್ನು ಡಿಪೋದವರು ಹರಾಜು ಹಾಕುತ್ತಿದ್ದರು. ಕೊಡೆಗಳಿಗೆ ಪೈಪೋಟಿ, ಹಲ್ಲುಸೆಟ್ಟಿಗೂ ಒಬ್ಬ ಗಿರಾಕಿ ಬಂದ. ಜೇಬಿನ ರೇಡಿಯೋಗಳೂ ಇಯರ್‌ಫೋನುಗಳೂ ಸಿಕ್ಕುಹಾಕಿಕೊಂಡಿದ್ದ ಒಂದು ಪೆಟ್ಟಿಗೆಯನ್ನು ಯಾರೂ ಮೂಸಿ ನೋಡಲಿಲ್ಲ. ಅದು ಇಂಜಿನಿಯರ್ ಮನೆಗೆ ಬಂತು.

ಅವನ ಉಪಾಯ ಸರಳವಾಗಿತ್ತು. ಆರ್ಕೆಸ್ಟ್ರಾದ ಸದ್ದೆಲ್ಲ ಬೆರೆಸುವ ಮಿಕ್ಸರಿನ ಹಿಂದೆ ಯಾರೂ ಬಳಸದ ಒಂದು ತೂತಿನಿಂದ ಭಾವನ ದನಿಯನ್ನು ಮಾತ್ರ ಎಳೆದುಕೊಳ್ಳುವುದು, ಜೊತೆಗೆ ಶ್ರುತಿಗೆ ಬೇಕಾದಷ್ಟು ಚೂರು ಕೀಬೋರ್ಡು. ಅದನ್ನು ಸೋಪಿನ ಡಬ್ಬಿಯೊಳಗೆ ಕೂರಿಸಿದ ಪುಟ್ಟ ಟ್ರಾನ್ಸ್‌ಮಿಟರಿನಿಂದ ಗಾಳಿಗೆ ಬಿಡುವುದು. ಹಾಡುವವರ ಜೇಬಿನಲ್ಲಿ ಒಂದೊಂದು ರೇಡಿಯೋ, ಕಿವಿಯಲ್ಲಿ ಇಯರ್‌ಫೋನು. ಹೊರಗಿನ ಸದ್ದು ಒಳಗೆ ನುಗ್ಗದಂತೆ ಇಯರ್‌ಫೋನಿನ ಮೂತಿಗೆ ಸೈಕಲ್ಲಿನ ವಾಲ್‌ಟ್ಯೂಬ್ ರಬ್ಬರಿನ ತುಂಡು ತೊಡಿಸಿದ. ಹಾಡುವಾಗ ಕಿವಿಯಲ್ಲಿ ಸೂಚನೆ ಕೊಡಲು ತನಗೂ ಒಂದು ಮೈಕು ಬೇಕೆಂದು ಹಳೆಯ ಟೆಲಿಫೋನಿನ ಬಾಯಿ ಕಿತ್ತು ಜೋಡಿಸಿದ. ಅದರಲ್ಲಿ ಯಾರು ಮಾತಾಡಿದರೂ ಕೊಡದೊಳಗಿಂದ ಮಾತಾಡಿದಂತೆ ಕೇಳುತ್ತಿತ್ತು.

ಮೊದಲ ದಿನ ಕಿವಿಯಲ್ಲಿ ಬರೀ ಕರಕರ. ಏರಿಯಲ್ ಸಾಲದು ಅನ್ನಿಸಿ, ಸೋಪಿನ ಡಬ್ಬಿಯಿಂದ ಒಂದು ವೈರು ಎಳೆದು ತಾರಸಿಯಲ್ಲಿ ಬಟ್ಟೆ ಒಣಹಾಕುವ ಕಬ್ಬಿಣದ ತಂತಿಗೆ ಸುತ್ತಿದ. ಕರಕರ ನಿಂತಿತು. ಕೋಣೆಯ ಉದ್ದಕ್ಕೆ ಹೋಗಬೇಕಾದ ಹಾಡು ಎಲ್ಲಿಯವರೆಗೆ ಹೋದೀತೆಂದು ಅವನು ಯೋಚಿಸಲಿಲ್ಲ. ಯೋಚಿಸುವ ಚಾಳಿ ಇದ್ದಿದ್ದರೆ ಅವನು ಆಂಪ್ಲಿಫೈಯರಿಗೆ ಗುದ್ದುತ್ತಲೇ ಇರಲಿಲ್ಲ.

ಭಾವ ಕಿವಿಗೆ ತೂರಿಸಿಕೊಂಡು ಒಂದು ಸಾಲು ಹಾಡಿದರು, ತಟ್ಟನೆ ನಿಲ್ಲಿಸಿದರು.

"ಏನಾಯ್ತು ಭಾವ?"

"ಕೇಳಿಸ್ತು ಇಂಜಿನಿಯರ್ರೇ. ನಂಗೆ ನಾನೇ ಕೇಳಿಸ್ದೆ." ಅವರ ಕಣ್ಣು ತುಂಬಿತ್ತು.

ಕೂಗುವ ಅಗತ್ಯವಿಲ್ಲದ್ದರಿಂದ ಅವರ ದನಿ ಇಳಿಯಿತು, ಮೆತ್ತಗಾಯಿತು, ಶ್ರುತಿಯ ಮೇಲೆ ಕೂತಿತು. ತನಗೂ ಒಂದು ಸೆಟ್ಟು ಬೇಕೆಂದು ಹಟ ಹಿಡಿದು ಪಡೆದಿದ್ದ ಗುಡುಗು ಮಾತ್ರ ಕಿವಿಯಲ್ಲಿ ತನ್ನ ಡ್ರಮ್ಮೇ ಬರುತ್ತಿಲ್ಲವೆಂದು ಗೊಣಗಿ, ಇನ್ನೂ ಜೋರಾಗಿ ಬಡಿದ.

ಮೂರನೇ ಹಾಡಿಗೆ ಬಾಗಿಲು ದಡದಡ ಬಡಿಯಿತು. ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್. ಇವರ ಅಭ್ಯಾಸದ ಗಲಾಟೆಯ ಬಗ್ಗೆ ವರ್ಷಗಳಿಂದ ದೂರುತ್ತಾ ಬಂದ ಮನುಷ್ಯ. ಅವರಿಗೆ ಹೆದರಿಯೇ ಕೋಣೆಯ ಗೋಡೆಗೆಲ್ಲ ಹಳೆಯ ರಜಾಯಿ ಹೊಡೆದಿದ್ದರು.

"ಸ್ವಲ್ಪ ನಿಲ್ಲಿಸ್ತೀರಾ? ರೇಡಿಯೋದಲ್ಲಿ ಯಾರೋ ಎಷ್ಟು ಚೆನ್ನಾಗಿ ಹಾಡ್ತಿದ್ದಾರೆ, ನಿಮ್ಮ ಈ ಢಮಢಮದಲ್ಲಿ ನೆಟ್ಟಗೆ ಕೇಳೋಕೇ ಆಗ್ತಿಲ್ಲ. ಅಂಥವರನ್ನ ಕೇಳಿಯಾದ್ರೂ ಹಾಡೋದು ಕಲೀರಿ!"

ಎಲ್ಲರೂ ಗೌರವದಿಂದ ನಿಲ್ಲಿಸಿದರು. ಪೋಸ್ಟ್‌ಮಾಸ್ಟರ್ ಮನೆಗೆ ಓಡಿ ರೇಡಿಯೋಗೆ ಕಿವಿಯಿಟ್ಟರು. ಅಷ್ಟರಲ್ಲಿ ಆ ಗಾಯಕನೂ ನಿಲ್ಲಿಸಿಬಿಟ್ಟಿದ್ದ. ಇವರ ಗಲಾಟೆಗೆ ಬೇಸತ್ತೇ ಸ್ಟೇಷನ್ನಿನವರು ನಿಲ್ಲಿಸಿರಬೇಕು ಎಂದು ಅವರು ಹೆಂಡತಿಗೆ ಹೇಳಿದರಂತೆ.

ಒಂದು ವಾರದಲ್ಲಿ ಬೀದಿಗೆ ಬೀದಿಯೇ ಆ ಹಾಡಿಗೆ ಮರುಳಾಯಿತು. ಎರಡು ಸ್ಟೇಷನ್ನುಗಳ ನಡುವೆ ಮೊದಲು ಖಾಲಿ ಇದ್ದ ಜಾಗದಲ್ಲಿ ಹೊಸ ಸ್ಟೇಷನ್ ಬಂದಿದೆ, ಡ್ರಮ್ಮಿಲ್ಲ, ಜಾಹೀರಾತಿಲ್ಲ, ಬರೀ ಒಂದು ದನಿ. ಆಮೇಲೆ ಯಾರೋ ಆ ದನಿಯ ಗುರುತು ಹಿಡಿದರು. ಹಾಲಿನ ಅಂಗಡಿಯವಳು ಟೈಲರ್ ಅಂಗಡಿಗೆ ನುಗ್ಗಿ, "ರೇಡಿಯೋದಲ್ಲಿ ಬರ್ತಿದ್ದೀರಲ್ಲಾ ಭಾವ! ಒಂದು ಮಾತಾದ್ರೂ ಹೇಳ್ಬಾರ್ದಾ?" ಅಂದಳು.

ಭಾವನ ಕೈಯಿಂದ ಕತ್ತರಿ ಜಾರಿತು. "ಟೇಪು! ನಾನು ಕೊಟ್ಟಿದ್ದ ಟೇಪು! ಕೊನೆಗೂ ಹುಡುಕಿದ್ರಲ್ಲಪ್ಪಾ!"

ಪಕ್ಕದಲ್ಲಿ ಪ್ಯಾಂಟಿನ ಅಳತೆ ಕೊಡುತ್ತಾ ನಿಂತಿದ್ದ ಇಂಜಿನಿಯರ್‌ಗೆ ಆ ಕ್ಷಣದಲ್ಲೇ ಬಟ್ಟೆ ತಂತಿ ಕಣ್ಣಮುಂದೆ ಬಂತು. ಹೇಳಬೇಕೆಂದು ಬಾಯಿ ತೆರೆದ. ಲೈಸೆನ್ಸ್ ಇಲ್ಲದೆ ಸ್ಟೇಷನ್ ನಡೆಸಿದವನನ್ನು ಪೊಲೀಸರು ಏನು ಮಾಡುತ್ತಾರೋ ಎಂಬ ಭಯ ಒಂದು ಕಡೆ, ಭಾವನ ಮುಖ ಇನ್ನೊಂದು ಕಡೆ. ಆ ಮುಖ ಅವನು ಭಾವನ ಮದುವೆಯಲ್ಲೂ ಕಂಡಿರಲಿಲ್ಲ. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವಂತಿಲ್ಲ ಉಗುಳುವಂತಿಲ್ಲ. ತೆರೆದ ಬಾಯಿ ಮುಚ್ಚಿ, "ಒಳ್ಳೇದಾಯ್ತು ಭಾವ" ಅಂದ.

ಭಾವನಿಗೆ ಒಂದೇ ಕೊರಗು. "ನಾವು ಪ್ರಾಕ್ಟೀಸ್ ಮಾಡೋ ಹೊತ್ತಿಗೇ ಹಾಕ್ತಾರೆ ನೋಡಿ. ನನ್ನೊಬ್ಬನನ್ನ ಬಿಟ್ಟು ಎಲ್ಲರೂ ಕೇಳಿದ್ದಾಯ್ತು!"

ಕಡೆಗೊಂದು ಸಂಜೆ ಅಭ್ಯಾಸಕ್ಕೆ ರಜೆ ಹಾಕಿ, ಒಗೆದ ಶರ್ಟು ತೊಟ್ಟು ಪೋಸ್ಟ್‌ಮಾಸ್ಟರ್ ಮನೆಗೆ ಹೋದರು. ವರಾಂಡದ ನಡುವೆ ಅವರಿಗೆ ಕುರ್ಚಿ, ಎದುರಿಗೆ ರೇಡಿಯೋ, ಸುತ್ತ ಇಡೀ ಬೀದಿ. ರೇಡಿಯೋ ಸುಂಯ್ ಅನ್ನುತ್ತಿತ್ತು. ಎಲ್ಲರೂ ಸುಂಯ್ ಕೇಳುತ್ತಾ ಕೂತರು.

"ಇವತ್ತು ತಡ ಅನ್ಸುತ್ತೆ" ಅಂದರು ಪೋಸ್ಟ್‌ಮಾಸ್ಟರ್.

"ಭಾವ ಬಂದಿರೋ ದಿನವೇ ಹೀಗಾಗ್ಬೇಕಾ?" ಎಂದು ಗುಂಪಿನಲ್ಲೊಬ್ಬರು ಗೊಣಗಿದರು.

ಭಾವನ ಮುಖ ನಿಧಾನವಾಗಿ ಬಾಡಿತು. ಗುಂಪಿನ ಹಿಂದೆ ನಿಂತಿದ್ದ ಇಂಜಿನಿಯರ್‌ಗೆ ನೋಡಲಾಗಲಿಲ್ಲ. "ಹೊಟ್ಟೆ ಯಾಕೋ ಸರಿಯಿಲ್ಲ" ಎಂದು ಯಾರೂ ಕೇಳದಿದ್ದರೂ ಹೇಳಿ, ಒಂದೇ ಉಸಿರಿಗೆ ಮೇಲಿನ ಕೋಣೆಗೆ ಓಡಿದ. ಹಿಂದಿನ ವಾರದ ಅಭ್ಯಾಸವನ್ನು ಮಿಕ್ಸರಿನಿಂದ ಕ್ಯಾಸೆಟ್ಟಿಗೆ ತುಂಬಿಸಿಟ್ಟಿದ್ದ. ಅದನ್ನೇ ಹಾಕಿ ಗುಂಡಿ ಒತ್ತಿದ.

ಅವನು ಏದುಸಿರು ಬಿಡುತ್ತಾ ವಾಪಸು ಬಂದಾಗ ವರಾಂಡದಲ್ಲಿ ರೇಡಿಯೋ ಹಾಡುತ್ತಿತ್ತು. ಭಾವ ಮಂಡಿಯ ಮೇಲೆ ಕೈಯಿಟ್ಟು, ಕಣ್ಣುಮುಚ್ಚಿ ತಮ್ಮ ಹಾಡು ಕೇಳುತ್ತಿದ್ದರು. ಹಾಡು ಮುಗಿದ ಮೇಲೆ ರೇಡಿಯೋದಿಂದ ಯಾರೋ "ಟೀ ಎಲ್ರೋ?" ಅಂದರು. ಸ್ಟೇಷನ್ನಿನವರೂ ಮನುಷ್ಯರೇ ತಾನೇ, ಟೀ ಬೇಡವೇ ಎಂದು ಎಲ್ಲರೂ ಒಪ್ಪಿದರು.

ಭಾವ ಕಣ್ಣು ತೆರೆದರು. ಭಾವ ಕುಣಿದಾಡುತ್ತಾರೆ ಎಂದು ಇಂಜಿನಿಯರ್ ಅಂದುಕೊಂಡಿದ್ದ. ಅವರು ಮೆಲ್ಲಗೆ ಅಂದರು, "ಆಗಿನ ವಯಸ್ಸಿನ ದನಿ ನೋಡಿ. ಎಂಥಾ ದನಿ ಇತ್ತು ನಂದು! ಈಗೆಲ್ಲಿಂದ ತರ್ಲಿ ಅದನ್ನ?"

ದಾರಿಯಲ್ಲಿ ಮತ್ತೆ ಹೇಳಿದರು. "ಆ ದನಿ ಕೇಳಿದ ಮೇಲೆ ಈ ಮುದಿ ಗಂಟಲಲ್ಲಿ ಹಾಡೋಕೆ ನಾಚಿಕೆ ಆಗುತ್ತೆ. ಬೆಳ್ಳಿಹಬ್ಬಕ್ಕೆ ಒಂದೆರಡು ಹಾಡಿ ಮೈಕನ್ನ ಆ ಹುಡುಗನಿಗೆ ನಾನೇ ಕೊಟ್ಟುಬಿಡ್ತೀನಿ."

ಹೋದ ವಾರ ಹಾಡಿದ ಹಾಡಿಗೆ ಮನುಷ್ಯ ಹೀಗೆ ನಿಟ್ಟುಸಿರು ಬಿಡುವುದನ್ನು ಇಂಜಿನಿಯರ್ ಹಿಂದೆಂದೂ ಕಂಡಿರಲಿಲ್ಲ. ಮನೆಯಲ್ಲಿ ಹೆಂಡತಿಗೆ ಎಲ್ಲ ಒಪ್ಪಿಸಿದ. ಆಕೆ ತಲೆ ಚಚ್ಚಿಕೊಂಡಳು. "ಮೈಕು ಉಳಿಸಿ ಅಂದ್ರೆ, ಅವನಾಗೇ ಬಿಟ್ಟುಕೊಡೋ ಹಾಗೆ ಮಾಡಿದ್ರಲ್ಲ! ಹೋಗಿ ನಿಜ ಹೇಳಿ."

"ನಿಜ ಹೇಳಿದ್ರೆ ರೇಡಿಯೋ ಹೋಗುತ್ತೆ ಕಣೇ. ಅವರು ಎಷ್ಟು ವರ್ಷದಿಂದ ಕಾದಿದ್ರು!"

"ಸುಳ್ಳು ಹೇಳಿದ್ರೆ ಹಾಡೇ ಹೋಗುತ್ತೆ."

ಇಂಜಿನಿಯರ್ ನಾಳೆ ಹೇಳುತ್ತೇನೆಂದ. ಆ ನಾಳೆ ದಿನಾ ಮುಂದಕ್ಕೆ ಹೋಯಿತು.

ಇತ್ತ ಬೀದಿಯವರಿಗೆ ಹೊಸ ಸ್ಟೇಷನ್ನಿನ ಎಲ್ಲವೂ ಇಷ್ಟ, ಅದರ ಅನೌನ್ಸರ್ ಒಬ್ಬನನ್ನು ಬಿಟ್ಟು. ಹಾಡಿನ ನಡುವೆ ಬಾಯಿ ಹಾಕಿ "ಶ್ರುತಿ ಇಳೀತಿದೆ, ಎತ್ತಿ ಎತ್ತಿ" ಅನ್ನುತ್ತಾನೆ, "ಥೂ, ಮತ್ತೆ ಮೊದಲಿಂದ" ಅನ್ನುತ್ತಾನೆ. ಕೊಡದೊಳಗಿಂದ ಬರುವ ಆ ದನಿ ಇಂಜಿನಿಯರ್‌ದೆಂದು ಯಾರಿಗೂ ಹೊಳೆಯಲಿಲ್ಲ. ಪೋಸ್ಟ್‌ಮಾಸ್ಟರಿಗಂತೂ ಮೈಯೆಲ್ಲ ಉರಿ. "ಇಂಥ ಕಲಾವಿದರನ್ನ ಗದರ್ತಾನಲ್ಲ! ಅದರ ಮೇಲೆ ಭಾವ ಅಂತ ಕರೀತಾನೆ. ಏನು ಸಲಿಗೆ ಇವನದ್ದು!" ಬೀದಿಯವರ ಸಹಿ ಹಾಕಿಸಿ ರೇಡಿಯೋ ಸ್ಟೇಷನ್ನಿಗೆ ದೂರು ಬರೆದರು. ಆ ಮರ್ಯಾದೆಗೆಟ್ಟ ಅನೌನ್ಸರನ್ನು ಕೂಡಲೇ ಕೆಲಸದಿಂದ ತೆಗೆಯಬೇಕು. ಸಹಿಗೆಂದು ಇಂಜಿನಿಯರ್ ಮನೆಗೂ ಬಂದರು. ಅವನು ತನ್ನ ವಜಾಕ್ಕೆ ತಾನೇ ಸಹಿ ಹಾಕಿದ.

ದೂರು ಕಂಡು ಸ್ಟೇಷನ್ನಿನ ಅಧಿಕಾರಿ ಬೆಳ್ಳಿಹಬ್ಬದ ದಿನವೇ ಬಂದಿಳಿದರು. ತಮ್ಮಲ್ಲಿಲ್ಲದ ಅನೌನ್ಸರನ್ನು ಹೇಗೆ ತೆಗೆಯುವುದೆಂದು ಅವರಿಗೆ ತಿಳಿಯದಾಗಿತ್ತು. "ಸಂಜೆ ತನಕ ಇರಿ ಸಾರ್, ನೀವೇ ಕಿವಿಯಾರೆ ಕೇಳಿ" ಎಂದು ಪೋಸ್ಟ್‌ಮಾಸ್ಟರ್ ಅವರನ್ನು ವರಾಂಡದಲ್ಲಿ ಕೂರಿಸಿಕೊಂಡರು. ಅಧಿಕಾರಿ ಬಂದಿದ್ದಾರೆಂದ ಮೇಲೆ ಬೀದಿಯವರೂ ತಂತಮ್ಮ ರೇಡಿಯೋ ಮುಂದೆ ಕೂತರು. ಬೆಳ್ಳಿಹಬ್ಬಕ್ಕೆ ಕರೆಯಲು ಹೋದ ಇಂಜಿನಿಯರ್ ಹೆಂಡತಿಗೆ ಎಲ್ಲರದೂ ಒಂದೇ ಉತ್ತರ. "ಅಲ್ಲಿ ಗುಡುಗಿನ ಢಮಢಮ ಯಾರು ಕೇಳ್ತಾರಮ್ಮ? ನಿಮ್ಮಣ್ಣ ರೇಡಿಯೋದಲ್ಲೇ ಚೆಂದ."

ಹೀಗಾಗಿ ಬೀದಿಯ ತುದಿಯ ಸಭಾಂಗಣದಲ್ಲಿ ಸಾಲುಸಾಲು ಕುರ್ಚಿಗಳಿದ್ದವು, ಜನರಿರಲಿಲ್ಲ. ಮುಂದೆ ಆರ್ಕೆಸ್ಟ್ರಾದವರ ಹೆಂಡಂದಿರು, ಹಿಂದೆ ವಾಚನಾಲಯದ ಕಾವಲುಗಾರ. ಅವನೂ ಬೀಗ ಹಾಕಲು ಕಾಯುತ್ತಿದ್ದ. ಇಂಜಿನಿಯರ್ ಹಿಂದಿನ ಮೇಜಿನ ಮೇಲೆ ಸೋಪಿನ ಡಬ್ಬಿ ಇಟ್ಟು, ಕರಕರ ಬಾರದಿರಲೆಂದು ವೈರನ್ನು ಹೊರಗಿನ ಕಟಕಟೆಯ ಸರಳಿಗೆ ಸುತ್ತಿದ್ದ.

ಭಾವ ಎರಡು ಹಾಡು ಹಾಡಿದರು. ಒಂದು ಕೂದಲೆಳೆಯೂ ಶ್ರುತಿ ತಪ್ಪಲಿಲ್ಲ. ಮುಗಿದಾಗ ಖಾಲಿ ಕುರ್ಚಿಗಳನ್ನು ನೋಡಿದರು. ಪೆಚ್ಚಾಗಿ ನಕ್ಕರು.

"ಜನ ಬುದ್ಧಿವಂತರು. ವಯಸ್ಸಿನ ದನಿ ಮನೇಲೇ ಸಿಗುವಾಗ ಮುದಿ ದನಿ ಕೇಳೋಕೆ ಯಾರು ಬರ್ತಾರೆ? ಇದು ನನ್ನ ಕಡೇ ಹಾಡು. ಆಮೇಲೆ ಮೈಕು ಹುಡುಗನಿಗೆ."

ಮುಂದಿನ ಸಾಲಿನಲ್ಲಿ ಇಂಜಿನಿಯರ್ ಹೆಂಡತಿ ತಿರುಗಿ ಗಂಡನನ್ನು ನೋಡಿದಳು. ಬೈಯುವ ನೋಟವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ, ಅಭ್ಯಾಸವಿತ್ತು. ಆಕೆ ಅಳುತ್ತಿದ್ದಳು. ಇಂಜಿನಿಯರ್ ಟೆಲಿಫೋನಿನ ಬಾಯನ್ನು ಎತ್ತಿಕೊಂಡ. ಅದರಲ್ಲಿ ಆಡಿದ ಮಾತು ಬೀದಿಗೆಲ್ಲ ಕೇಳುತ್ತದೆ, ಅಧಿಕಾರಿಗೂ ಕೇಳುತ್ತದೆ, ಎಲ್ಲರಿಗಿಂತ ಮೊದಲು ಭಾವನ ಕಿವಿಯೊಳಗೇ ಕೇಳುತ್ತದೆ ಎಂದು ಈ ಸಲ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಕೇಳಿ, ನಾನು ಆ ಮರ್ಯಾದೆಗೆಟ್ಟ ಅನೌನ್ಸರ್ ಮಾತಾಡ್ತಿರೋದು. ಇಲ್ಲಿ ಯಾವ ಸ್ಟೇಷನ್ನೂ ಇಲ್ಲ. ಒಂದು ಸೋಪಿನ ಡಬ್ಬಿ ಇದೆ, ನಾನಿದ್ದೀನಿ, ಡಿಪೋದ ಗುಮಾಸ್ತ. ತಪ್ಪೆಲ್ಲ ನಂದು."

ವೇದಿಕೆಯ ಮೇಲೆ ಭಾವ ಕಿವಿ ಮುಟ್ಟಿಕೊಂಡರು. ಗುಡುಗು ಕೋಲು ಮೇಲೆತ್ತಿದವನು ಹಾಗೇ ಕೂತ.

"ಭಾವ, ನಿಮ್ಮ ಟೇಪನ್ನ ಯಾರೂ ಹಾಕ್ಲಿಲ್ಲ. ನನ್ನನ್ನ ಕ್ಷಮಿಸ್ಬೇಕು. ಆದ್ರೆ ನೀವು ಅವತ್ತು ಕೇಳಿ ನಿಟ್ಟುಸಿರು ಬಿಟ್ರಲ್ಲ, ಅದು ವಯಸ್ಸಿನ ದನಿಯಲ್ಲ. ಅದರ ಹಿಂದಿನ ವಾರದ್ದು. ಗುಡುಗು ಟೀ ಕೇಳಿದ್ನಲ್ಲ, ಆ ದಿನದ್ದು. ಈ ಬೀದಿ ಇಷ್ಟು ದಿನ ಮರುಳಾಗಿದ್ದು ನಿಮ್ಮ ಈಗಿನ ಗಂಟಲಿಗೇ." ಆಮೇಲೆ ಅವನು ಬಾಗಿಲ ಕಡೆ ತಿರುಗಿದ. "ಬೀದಿಯವರೇ, ರೇಡಿಯೋ ಆರಿಸಿ. ಅವರು ಇಲ್ಲೇ ನಿಂತಿದ್ದಾರೆ, ಬೀದಿ ತುದೀಲಿ. ಎದ್ದು ಬನ್ನಿ."

ಭಾವ ಮೈಕಿನ ಮುಂದೆ ಮರಗಟ್ಟಿ ನಿಂತಿದ್ದರು. ಆಮೇಲೆ ಹೊರಗೆ ಚಪ್ಪಲಿಗಳ ಸದ್ದು ಕೇಳಿತು. ಹಾಲಿನ ಅಂಗಡಿಯವಳು, ಅವಳ ಹಿಂದೆ ಒಬ್ಬೊಬ್ಬರಾಗಿ ಇಡೀ ಬೀದಿ. ಕೆಲವರು ಅವಸರದಲ್ಲಿ ರೇಡಿಯೋವನ್ನೂ ಕಂಕುಳಲ್ಲಿ ಇರುಕಿಕೊಂಡು ಬಂದಿದ್ದರು. ಪೋಸ್ಟ್‌ಮಾಸ್ಟರ್ ಏದುಸಿರು ಬಿಡುತ್ತಾ ಮುಂದಿನ ಸಾಲಿಗೆ ಬಂದು ಕೂತರು, ಇಂಜಿನಿಯರ್ ಕಡೆ ಕೆಂಗಣ್ಣು ಬಿಟ್ಟು, "ನಿನಗೆ ಆಮೇಲಿದೆ" ಅಂದರು.

ಅಧಿಕಾರಿ ನೇರ ಹಿಂದಿನ ಮೇಜಿಗೆ ಬಂದರು. ಸೋಪಿನ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ಮುಖದಲ್ಲಿ ಒಂದು ಕ್ಷಣ ಮೆಚ್ಚುಗೆ ಇಣುಕಿತಂತೆ, ಹಾಗೆಂದು ಇಂಜಿನಿಯರ್ ಆಮೇಲೆ ಎಷ್ಟೋ ವರ್ಷ ಹೇಳಿಕೊಂಡು ತಿರುಗಿದ. "ಕಾನೂನು ಕಾನೂನೇ ಕಣ್ರೀ" ಎಂದು ವೈರು ಕಿತ್ತು, ಡಬ್ಬಿಯನ್ನು ಜೇಬಿಗಿಳಿಸಿ, ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತರು.

ಭಾವನ ಕಿವಿ ಖಾಲಿಯಾಯಿತು. ವಾಲ್‌ಟ್ಯೂಬ್ ತೊಡಿಸಿದ ಇಯರ್‌ಫೋನನ್ನು ಕಿತ್ತು ಜೇಬಿಗೆ ಹಾಕಿಕೊಂಡು, ತುಂಬಿದ ಸಭಾಂಗಣವನ್ನು ಒಮ್ಮೆ ನೋಡಿದರು.

"ಈಗಿನ ಗಂಟಲಂತೆ" ಅಂದರು ಮೈಕಿನಲ್ಲಿ, ಯಾರಿಗೂ ಅಲ್ಲದಂತೆ. ಮುಖದಲ್ಲಿ ನಗು ಮೂಡಿತು.

ಕೀಬೋರ್ಡು ಶ್ರುತಿ ಕೊಟ್ಟಿತು. ಭಾವ ಹಾಡು ಎತ್ತಿಕೊಂಡರು. ಎರಡನೇ ಸಾಲಿಗೆ ದನಿ ಸ್ವಲ್ಪ ತಡಕಾಡಿತು, ಕೂಗಲು ಹೊರಟಿತು. ಇಂಜಿನಿಯರ್ ಕಣ್ಣು ಮುಚ್ಚಿಕೊಂಡ. ಗುಡುಗಿನ ಕೋಲುಗಳು ಬೀಳುವುದನ್ನೇ ಕಾದ. ಅವು ಬೀಳಲಿಲ್ಲ.

ಕಣ್ಣು ಬಿಟ್ಟಾಗ ಗುಡುಗು ಎರಡೂ ಕೋಲುಗಳನ್ನು ತೊಡೆಯ ಕೆಳಗಿಟ್ಟು, ಮಲಗಿದ ಮಗುವಿನ ಬೆನ್ನು ತಟ್ಟುವವನಂತೆ ಬರೀ ಬೆರಳುಗಳಿಂದ ಡ್ರಮ್ ನುಡಿಸುತ್ತಿದ್ದ. ಭಾವನ ದನಿ ಮೆಲ್ಲಗೆ ಇಳಿದು ತನ್ನ ಜಾಗಕ್ಕೆ ಬಂತು. ಗುಡುಗು ಮುಂದಕ್ಕೆ ಬಾಗಿ, ಇಪ್ಪತ್ತೈದು ವರ್ಷಗಳಲ್ಲಿ ಒಮ್ಮೆಯೂ ಕೇಳದ ಮಾತನ್ನು ಕೇಳಿದ.

"ಕೇಳಿಸ್ತಿದೆಯೇನೋ?"

ಭಾವ ಹಾಡು ನಿಲ್ಲಿಸದೆ ತಲೆಯಾಡಿಸಿದರು.